ಮಿಸ್ಸಿಂಗ್ ಹೊಡೆಯುವ ಲಾರಿ, ಮೇಸ್ತ್ರಿಯ ಕಿವಿ

"ಗಾಡಿ ಮಿಸ್ಸಿಂಗ್ ಹೊಡ್ಯಾಕತ್ತೈತ್ರಿ..." ನಮ್ಮ ಹಾವೇರಿ, ರಾಣೆಬೆನ್ನೂರು ಕಡೆಯ ಗ್ಯಾರೇಜುಗಳಲ್ಲಿ ಈ ಮಾತು ಕೇಳಿಯೇ ಇರುತ್ತೀರಿ. ಆರು ಸಿಲಿಂಡರುಗಳಲ್ಲಿ ಒಂದು ಕೆಲಸ ಬಿಟ್ಟಿದೆ, ಎಂಜಿನ್ನಿನ ತಾಳ ತಪ್ಪಿದೆ ಅಂತ ಅರ್ಥ. ಯಾವುದು ಬಿಟ್ಟಿದೆ, ಯಾಕೆ ಬಿಟ್ಟಿದೆ ಅಂತ ಕಂಡುಹಿಡಿಯುವುದೇ ವಿದ್ಯೆ. ಜಿಲ್ಲೆಯ ಇತಿಹಾಸ ಎಂದರೆ ನಾವು ಶಾಸನ, ಗುಡಿ ಅಂತ ಬರೆಯುತ್ತೇವೆ. ಈ ವಿದ್ಯೆಗೂ ಒಂದು ಇತಿಹಾಸ ಇದೆ ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಪುಣೆ-ಬೆಂಗಳೂರು ರಸ್ತೆ (ಹಿಂದೆ ಎನ್‌ಎಚ್ 4, ಈಗ 48) ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರು ದಾಟಿ ಹೋಗುತ್ತದೆ. ಮೋಟೆಬೆನ್ನೂರಿನಲ್ಲಿ ತಿರುಗಿದರೆ ಬ್ಯಾಡಗಿ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ. ನೀರು ತಾಗಿದರೆ ಬೂಸು ಹಿಡಿದು ಬಣ್ಣ ಹೋಯಿತು. ಅಂಥ ಮಾಲು ತುಂಬಿದ ಲಾರಿ ದಾರಿಯಲ್ಲಿ ನಿಂತರೆ ನಷ್ಟ ಯಾರಿಗೆ ಅಂತ ಹೇಳಬೇಕಿಲ್ಲ!

ಸ್ವಾತಂತ್ರ್ಯಕ್ಕೆ ಮುಂಚೆ ದೇಶದಲ್ಲಿ ಓಡುತ್ತಿದ್ದ ಷೆವರ್ಲೆ, ಫೋರ್ಡ್, ಬೆಡ್‌ಫೋರ್ಡ್ ಲಾರಿಗಳು ಬಹುಪಾಲು ಪೆಟ್ರೋಲಿನವು. ಪರೀಕ್ಷೆ ಸರಳ. ಎಂಜಿನ್ ಓಡುತ್ತಿರುವಾಗ ಮರದ ಹಿಡಿಯ ಸ್ಕ್ರೂಡ್ರೈವರನ್ನು ಪ್ಲಗ್ಗಿನ ತಲೆಗೂ ಎಂಜಿನ್ನಿನ ಮೈಗೂ ತಾಗಿಸಿ ಆ ಸಿಲಿಂಡರಿನ ಕಿಡಿ ಕೊಲ್ಲುವುದು. ಸದ್ದು ಇನ್ನಷ್ಟು ಕೆಟ್ಟರೆ ಆ ಸಿಲಿಂಡರು ಚೆನ್ನಾಗಿದೆ. ಏನೂ ಬದಲಾಗದಿದ್ದರೆ ಕಳ್ಳ ಸಿಕ್ಕ! ಆಮೇಲೆ ಪ್ಲಗ್ ಬಿಚ್ಚಿ ನೋಡುವುದು. ಕಪ್ಪು ಒಣ ಮಸಿ ಇದ್ದರೆ ಪೆಟ್ರೋಲು ಜಾಸ್ತಿ, ಬಿಳಿಚಿದ್ದರೆ ಗಾಳಿ ಜಾಸ್ತಿ, ತಿಳಿಗಂದು ಇದ್ದರೆ ಹದ ಸರಿ. ಆರೂ ಕಪ್ಪಾಗಿದ್ದರೆ ಕಾರ್ಬುರೇಟರ್ ನೋಡಬೇಕು. ಒಂದೇ ಕಪ್ಪಾಗಿದ್ದರೆ ಆ ಪ್ಲಗ್ಗು, ವೈರು, ವಾಲ್ವು.

ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂತು. ದೇಶದ ಎಷ್ಟೋ ಬಸ್ಸು, ಲಾರಿಗಳಿಗೆ ಇದ್ದಿಲಿನ ಒಲೆ ಜೋಡಿಸಿದರು. ಇದ್ದಿಲು ಅರೆಬರೆ ಉರಿದು ಬರುವ ಕಾರ್ಬನ್ ಮೊನಾಕ್ಸೈಡೇ ಮುಖ್ಯ ಇಂಧನ. ಅದಕ್ಕೆ ಎಷ್ಟು ಗಾಳಿ ಸೇರಬೇಕು ಎಂಬುದನ್ನು ಡ್ರೈವರೇ ಕೈಯಾರೆ ಹದ ಮಾಡಬೇಕು. ಎಂಜಿನ್ನಿನ ಶಕ್ತಿ ಮೂರನೇ ಒಂದು ಪಾಲಿಗೂ ಹೆಚ್ಚು ಇಳಿಯುತ್ತಿತ್ತು.

1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಡೀಸೆಲ್ ಲಾರಿ ಮಾಡತೊಡಗಿತು. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿದ್ದ ಮೈಕೋ (2008ರಿಂದ ಬಾಷ್) ಡೀಸೆಲ್ ಪಂಪು, ನಾಝಲ್ ತಯಾರಿಸಿತು. ಡೀಸೆಲ್ ಎಂಜಿನ್ನಿಗೆ ಪ್ಲಗ್ಗಿನ ಕಿಡಿಯೂ ಇಲ್ಲ, ಕಾರ್ಬುರೇಟರೂ ಇಲ್ಲ. ಗಾಳಿಯನ್ನು ಒತ್ತಿದಾಗ ಹುಟ್ಟುವ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಹಾಗಾದರೆ ಸ್ಕ್ರೂಡ್ರೈವರ್ ಹಿಡಿದವರ ಗತಿ?

ನನಗೆ ಬೆರಗು ಹುಟ್ಟಿಸುವುದು ಇದೇ. ಸ್ಕ್ರೂಡ್ರೈವರ್ ಹೋಗಿ ಸ್ಪ್ಯಾನರ್ ಬಂತು, ಅಷ್ಟೇ. ಎಂಜಿನ್ ಓಡುತ್ತಿರುವಾಗ ನಾಝಲ್ಲಿಗೆ ಬರುವ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಕಿವಿಗೊಡುವುದು. ಸದ್ದು ಬದಲಾಗದಿದ್ದರೆ ಅದೇ ಕಳ್ಳ. ಆ ಷೆವರ್ಲೆ ಆರು ಸಿಲಿಂಡರಿನ ಎಂಜಿನ್ ಉರಿಯುತ್ತಿದ್ದ 1-5-3-6-2-4 ಎಂಬ ಸರದಿಯೇ ಟಾಟಾದ ಆರು ಸಿಲಿಂಡರಿಗೂ! ಪ್ಲಗ್ಗಿನ ಬಣ್ಣದ ಬದಲು ಹೊಗೆಯ ಬಣ್ಣ ಓದಿದರು. ಕಪ್ಪು ಹೊಗೆಗೆ ಧೂಳು ಕಟ್ಟಿದ ಏರ್ ಫಿಲ್ಟರ್ ಇಲ್ಲವೇ ಸೋರುವ ನಾಝಲ್ ಕಾರಣ. ನೀಲಿ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿಯಾಗಿದ್ದು ಡೀಸೆಲ್ ವಾಸನೆ ಬಂದರೆ ಎಣ್ಣೆ ಪೂರ್ತಿ ಉರಿದಿಲ್ಲ. ಪೈಪಿನಲ್ಲಿ ಏರ್ ಹಿಡಿದಿದ್ದರೆ ಕೈಪಂಪು ಒತ್ತಿ ಗುಳ್ಳೆ ನಿಲ್ಲುವ ತನಕ ಗಾಳಿ ತೆಗೆಯುವುದು.

2020ರ ಏಪ್ರಿಲ್ 1ರಿಂದ ಹೊಸ ಲಾರಿಗಳು ಬಿಎಸ್-6. ಡೀಸೆಲ್ಲಿನ ಅಳತೆ ಕಂಪ್ಯೂಟರಿನ ಕೈಯಲ್ಲಿದೆ, ಯಾವ ಸಿಲಿಂಡರು ಅಂತ ಸ್ಕ್ಯಾನರೇ ಹೇಳುತ್ತದೆ. ಆದರೆ ಇಲ್ಲೊಂದು ಅಪಾಯವಿದೆ. ಈ ಕಾಮನ್ ರೈಲ್ ಪೈಪುಗಳಲ್ಲಿ ಒತ್ತಡ 1,000 ಬಾರ್ ದಾಟುತ್ತದೆ. ಓಡುವ ಎಂಜಿನ್ನಿನಲ್ಲಿ ನಟ್ಟು ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮದೊಳಗೆ ನುಗ್ಗುತ್ತದೆ. ಕೈಯೇ ಹೋಗಬಹುದು. ದಶಕಗಳ ಕಾಲ ಲಾರಿಗಳನ್ನು ಮನೆ ಮುಟ್ಟಿಸಿದ ಪರೀಕ್ಷೆ ಇಂದಿನ ಗಾಡಿಗೆ ಸಲ್ಲದು, ಮಾಡಲೇಬಾರದು.

ಹಳೆಯ ಗಾಡಿಗಳ ಜೊತೆ ಈ ಕಿವಿಯ ವಿದ್ಯೆಯೂ ಹೋಗುತ್ತದೆ. ಇದನ್ನು ಗುರು ಕೈಹಿಡಿದು ತೋರಿಸಿದ್ದೇ ಹೊರತು ಬರೆಸಿದ್ದು ಕಡಿಮೆ. ನಿಮ್ಮೂರಿನ ಗ್ಯಾರೇಜಿನಲ್ಲಿ ವಯಸ್ಸಾದ ಮೇಸ್ತ್ರಿಗಳು ಇದ್ದರೆ ಒಂದು ಚಹಾ ಕುಡಿಸಿ, ಕೇಳಿ, ಬರೆದಿಡಿ.