ಬ್ಲಮಾಂಜ್ ಹಾಡಿನಲ್ಲಿ ಸಿತಾರ್ ನುಡಿಸಿದವರು

ಎಂಬತ್ತರ ದಶಕದ ಬ್ರಿಟಿಷ್ ಸಿಂಥ್-ಪಾಪ್ ಚರಿತ್ರೆಯಲ್ಲಿ ‘ಬ್ಲಮಾಂಜ್’ ಜೋಡಿಯನ್ನು ನೆನೆಯುವುದು ಹೆಚ್ಚಾಗಿ ಒಂದೇ ಹಾಡಿನ ನೆಪದಲ್ಲಿ. ಅದು 1982ರ ಕೊನೆಯಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 7ನೆಯ ಸ್ಥಾನಕ್ಕೇರಿದ ‘ಲಿವಿಂಗ್ ಆನ್ ದ ಸೀಲಿಂಗ್’. ಅದರಲ್ಲಿ ಕೇಳುವ ಸಿತಾರ್, ತಬಲಾಗಳನ್ನು ‘ಪೌರಸ್ತ್ಯ ಛಾಯೆ’ ಎಂದು ಕರೆದು ಮುಂದೆ ಹೋಗುವುದು ವಾಡಿಕೆ. ಆ ನಾದದ ಊರು ಪಶ್ಚಿಮ ಲಂಡನ್ ಎಂಬುದು ಈ ಟಿಪ್ಪಣಿಯ ವಾದ.

ಲ್ಯಾಂಕಶೈರಿನ ಡಾರ್ವೆನ್‌ನಿಂದ ಬಂದ ಗಾಯಕ ನೀಲ್ ಆರ್ಥರ್ ಮತ್ತು ಕೀಬೋರ್ಡ್ ವಾದಕ ಸ್ಟೀಫನ್ ಲಸ್ಕೂಂಬ್ 1979ರಲ್ಲಿ ಲಂಡನ್ನಿನ ಹ್ಯಾರೋದಲ್ಲಿ ಜತೆಗೂಡಿದರು. 1980ರಲ್ಲಿ ‘ಐರೀನ್ ಅಂಡ್ ಮೇವಿಸ್’ ಎಂಬ ಕಿರು ಧ್ವನಿಮುದ್ರಿಕೆ ಹೊರಬಂತು. ಮರುವರ್ಷ ‘ಸಮ್ ಬಿಜಾರ್’ ಸಂಕಲನದಲ್ಲಿ ಡಿಪೆಷ್ ಮೋಡ್, ಸಾಫ್ಟ್ ಸೆಲ್ ತಂಡಗಳ ಪಕ್ಕದಲ್ಲಿ ಇವರ ಹಾಡೂ ಸೇರಿತು. ಲಂಡನ್ ರೆಕಾರ್ಡ್ಸ್‌ಗಾಗಿ ಮೈಕ್ ಹೌಲೆಟ್ ನಿರ್ಮಾಣದಲ್ಲಿ ಸಿದ್ಧವಾದ ಮೊದಲ ಆಲ್ಬಂ ‘ಹ್ಯಾಪಿ ಫ್ಯಾಮಿಲೀಸ್’ 1982ರದು. ‘ಲಿವಿಂಗ್ ಆನ್ ದ ಸೀಲಿಂಗ್’ ಇರುವುದು ಅದರಲ್ಲೇ.

ಆ ಹಾಡಿನಲ್ಲಿ ಸಿತಾರ್ ನುಡಿಸಿದವರು ದೀಪಕ್ ಖಜಾಂಚಿ, ತಬಲಾ ನುಡಿಸಿದವರು ಪಂಡಿತ್ ದಿನೇಶ್. ಖಜಾಂಚಿಯವರ ಹೆಸರನ್ನು ಬೇರೊಂದು ಚರಿತ್ರೆಯ ವಿದ್ಯಾರ್ಥಿಗಳು ಚೆನ್ನಾಗಿ ಬಲ್ಲರು. ಪಶ್ಚಿಮ ಲಂಡನ್ನಿನ ಸೌತಾಲ್‌ನ ‘ಅಲಾಪ್’ ತಂಡಕ್ಕೂ ‘ಹೀರಾ’ ತಂಡಕ್ಕೂ ಧ್ವನಿಮುದ್ರಿಕೆಗಳನ್ನು ನಿರ್ಮಿಸಿ, ಢೋಲಕ್ಕು, ತುಂಬಿ ಎಂಬ ಒಂಟಿ ತಂತಿಯ ವಾದ್ಯಗಳ ಜತೆಗೆ ಸಿಂಥಸೈಜರ್ ಕೂರಿಸಿ ಪಂಜಾಬಿ ಜನಪದ ಮೂಲದ ಬ್ರಿಟಿಷ್ ಭಾಂಗ್ಡಾ ಸಂಗೀತಕ್ಕೆ ಅದರ ಆಧುನಿಕ ಸ್ವರೂಪ ಕೊಟ್ಟವರಲ್ಲಿ ಅವರು ಪ್ರಮುಖರು. ಅಂದರೆ ಒಂದೇ ದಶಕದಲ್ಲಿ, ಒಂದೇ ನಗರದಲ್ಲಿ, ಒಬ್ಬನೇ ವ್ಯಕ್ತಿ ಪಾಪ್ ಹಾಡಿಗೆ ಸಿತಾರ್ ಕೊಡುತ್ತಿದ್ದ, ಪಂಜಾಬಿ ಹಾಡಿಗೆ ಸಿಂಥಸೈಜರ್ ತರುತ್ತಿದ್ದ. ಇದನ್ನು ‘ಪ್ರಭಾವ’ ಎಂದರೆ ಸಾಲದು. ಪ್ರಭಾವಕ್ಕೆ ಒಂದೇ ದಿಕ್ಕು. ಇಲ್ಲಿ ನಡೆದದ್ದು ಕೊಡುಕೊಳೆ. ಜಾರ್ಜ್ ಹ್ಯಾರಿಸನ್ 1965ರಲ್ಲಿ ಬೀಟಲ್ಸ್ ಹಾಡೊಂದಕ್ಕೆ ತಾನೇ ಸಿತಾರ್ ನುಡಿಸಿ, ಆಮೇಲೆ ಗುರುವನ್ನರಸಿ ಭಾರತಕ್ಕೆ ಬಂದ ಕತೆಯ ಅಚ್ಚಿನಲ್ಲೇ ಬ್ಲಮಾಂಜನ್ನೂ ಎರಕ ಹೊಯ್ಯುವವರು ಹ್ಯಾರೋ ಮತ್ತು ಸೌತಾಲ್ ನೆರೆಹೊರೆ ಎಂಬುದನ್ನು ಮರೆಯುತ್ತಾರೆ. 1972ರಲ್ಲಿ ಉಗಾಂಡದಿಂದ ಹೊರದಬ್ಬಿಸಿಕೊಂಡ ಭಾರತೀಯ ಮೂಲದವರಲ್ಲಿ ಅನೇಕರು ನೆಲೆ ಕಂಡುಕೊಂಡದ್ದೂ ಹ್ಯಾರೋ-ವೆಂಬ್ಲಿಯ ಸುತ್ತಲಿನ ಬಡಾವಣೆಗಳಲ್ಲೇ. ಸಿತಾರ್ ಹುಡುಕಿಕೊಂಡು ಈ ಜೋಡಿ ಸಮುದ್ರ ದಾಟಬೇಕಾಗಿರಲಿಲ್ಲ.

ದೃಶ್ಯ ಮಾತ್ರ ಈ ಸಾಮೀಪ್ಯಕ್ಕೆ ದ್ರೋಹ ಬಗೆಯಿತು. ಹಾಡಿನ ವಿಡಿಯೋ ಚಿತ್ರೀಕರಣವಾದದ್ದು ಈಜಿಪ್ಟಿನಲ್ಲಿ! ಸೌತಾಲ್‌ನ ಬೀದಿಯಲ್ಲಿ ಕ್ಯಾಮೆರಾ ಇಟ್ಟಿದ್ದರೆ ಹಾಡಿನ ನಿಜವಾದ ಭೂಗೋಳ ಕಾಣುತ್ತಿತ್ತು. ಭಾರತದ ವಾದ್ಯಕ್ಕೆ ಪಿರಮಿಡ್ಡಿನ ನಾಡನ್ನು ಹಿನ್ನೆಲೆಯಾಗಿಸುವ ಈ ಹಗುರತನವನ್ನು, ಪಶ್ಚಿಮ ಪೂರ್ವವನ್ನು ಚಿತ್ರಿಸುವ ಬಗೆಯನ್ನು ಟೀಕಿಸಿದ ‘ಓರಿಯಂಟಲಿಸಂ’ ಕೃತಿಯನ್ನು ಎಡ್ವರ್ಡ್ ಸೈದ್ ಪ್ರಕಟಿಸಿ ನಾಲ್ಕು ವರ್ಷ ಕಳೆದಿದ್ದರೂ, ಪಾಪ್ ಲೋಕ ದೋಷವೆಂದು ಎಣಿಸಲಿಲ್ಲ. ಹಾಡು ಗೆದ್ದುದರಲ್ಲಿ ಈ ಹಗುರತನಕ್ಕೂ ಪಾಲಿದೆ ಎಂದೇ ನನ್ನ ಅನುಮಾನ.

ಉಳಿದ ವೃತ್ತಿಜೀವನ ಚುಟುಕು. ‘ಬ್ಲೈಂಡ್ ವಿಷನ್’ 1983ರಲ್ಲಿ 10ನೆಯ ಸ್ಥಾನಕ್ಕೂ, ‘ಡೋಂಟ್ ಟೆಲ್ ಮಿ’ 1984ರಲ್ಲಿ 8ನೆಯ ಸ್ಥಾನಕ್ಕೂ ತಲುಪಿದವು. ಅದೇ ವರ್ಷ ಆಬಾ ತಂಡದ ‘ದ ಡೇ ಬಿಫೋರ್ ಯು ಕೇಮ್’ ಹಾಡನ್ನು ಇವರು ಮರುಗಾಯನ ಮಾಡಿದರು. ಮೂಲದಲ್ಲಿ ಸ್ತ್ರೀವಾದಿ ಲೇಖಕಿ ಮರಿಲಿನ್ ಫ್ರೆಂಚ್ ಹೆಸರಿದ್ದ ಕಡೆ ಪ್ರಣಯ ಕಾದಂಬರಿಗಳ ಬಾರ್ಬರಾ ಕಾರ್ಟ್‌ಲ್ಯಾಂಡ್ ಬಂದರು. ಆಬಾದ ಮೂಲ ಬ್ರಿಟನ್ನಿನಲ್ಲಿ 32ಕ್ಕೆ ನಿಂತಿದ್ದರೆ ಇವರದು 22ರವರೆಗೆ ಹೋಯಿತು. 1985ರ ಮೂರನೆಯ ಆಲ್ಬಂ ‘ಬಿಲೀವ್ ಯು ಮಿ’ ಸೋತಿತು, ಮರುವರ್ಷ ಜೋಡಿ ಬೇರ್ಪಟ್ಟಿತು. 2011ರಲ್ಲಿ ಮತ್ತೆ ಕೂಡಿ ‘ಬ್ಲಾಂಕ್ ಬರ್ನ್’ ಹೊರತಂದರು.

ಲಸ್ಕೂಂಬ್‌ಗೆ ಭಾರತೀಯ ಸಂಗೀತ ಒಂದು ಹಾಡಿನ ಒಗ್ಗರಣೆಯಾಗಿರಲಿಲ್ಲ ಎಂಬುದಕ್ಕೆ ಸಾಕ್ಷ್ಯ ‘ವೆಸ್ಟ್ ಇಂಡಿಯಾ ಕಂಪನಿ’. ಪಂಡಿತ್ ದಿನೇಶ್ ಜತೆ ಕಟ್ಟಿದ ಈ ತಂಡದ 1984ರ ‘ಆವೆ ಮರಿಯಾ’ ಮುದ್ರಿಕೆಗೆ ದನಿ ಕೊಟ್ಟವರು ಆಶಾ ಭೋಸ್ಲೆ. ಬ್ಲಮಾಂಜ್ ಕುರಿತ ಬರಹಗಳು ಇದಕ್ಕೆ ಒಂದೆರಡು ಸಾಲು ಕೊಟ್ಟು ಸುಮ್ಮನಾಗುವುದು ಅನ್ಯಾಯ.

ಅನ್ಯಾಯ ಅಂಕಿ-ಅಂಶಗಳಲ್ಲೂ ಇದೆ. ಭಾಂಗ್ಡಾ ಕ್ಯಾಸೆಟ್ಟುಗಳು ಸಾವಿರಗಟ್ಟಲೆ ಮಾರಾಟವಾದದ್ದು ಏಷ್ಯನ್ನರ ದಿನಸಿ ಅಂಗಡಿ, ಸೀರೆ ಅಂಗಡಿಗಳಲ್ಲಿ. ಅಧಿಕೃತ ಪಟ್ಟಿ ತಯಾರಿಸುವವರು ಅಲ್ಲಿಂದ ಲೆಕ್ಕ ತೆಗೆದುಕೊಳ್ಳುತ್ತಿರಲಿಲ್ಲ. ಹೀಗಾಗಿ ಅಲಾಪ್‌ನ ಕ್ಯಾಸೆಟ್ಟುಗಳು ಪಟ್ಟಿಯಿಂದ ಹೊರಗುಳಿದವು, ಅವುಗಳ ನಿರ್ಮಾಪಕನ ಸಿತಾರ್ ಮಾತ್ರ ಬೇರೆಯವರ ಹೆಸರಿನಡಿ 7ನೆಯ ಸ್ಥಾನ ಕಂಡಿತು. ಬ್ರಿಟಿಷ್ ಸಿಂಥ್-ಪಾಪ್ ಚರಿತ್ರೆ ಬರೆಯುವವರು ಇನ್ನಾದರೂ ಖಜಾಂಚಿ, ದಿನೇಶ್ ಹೆಸರುಗಳನ್ನು ಆಲ್ಬಂ ಲಕೋಟೆಯ ಸಣ್ಣಕ್ಷರಗಳಿಂದ ಎತ್ತಿ, ಅಲಾಪ್ ಮತ್ತು ಬ್ಲಮಾಂಜ್‌ಗಳನ್ನು ಒಂದೇ ಅಧ್ಯಾಯದಲ್ಲಿ ಚರ್ಚಿಸಬೇಕು.