ಹಡಗಿನ ಒಡಲಿನ ನೀರು

ಸಮುದ್ರಮಟ್ಟದಿಂದ ಏಳು ಸಾವಿರ ಅಡಿಗೂ ಮೇಲಿರುವ ಲವ್‌ಡೇಲಿನಲ್ಲಿ ಕುಳಿತು ಹಡಗಿನ ಮಾತನ್ನೇಕೆ ಆಡಬೇಕೆಂದು ವಿದ್ಯಾರ್ಥಿಗಳು ಕೇಳಬಹುದು. ರೈಲು ನಿಲ್ದಾಣದಲ್ಲಿ ನಿಂತು ಸುತ್ತಲ ಬೆಟ್ಟಗಳನ್ನು ನೋಡಿದರೆ ಉತ್ತರ ದೊರೆಯುವುದು. ಅಲ್ಲಿ ಕಾಣುವ ವಾಟಲ್ ಮರಗಳೂ ನೀಲಗಿರಿ ಮರಗಳೂ ಈ ನೆಲದವಲ್ಲ. ಆಸ್ಟ್ರೇಲಿಯದಿಂದ ಹಡಗು ಹತ್ತಿ ಬಂದವು.

1819ರಲ್ಲಿ ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲ್ಲಿವನ್ ಈ ಬೆಟ್ಟಗಳಿಗೆ ಬಂದನು. ಅವನ ಹಿಂದೆ ಬಂದು ನೆಲಸಿದ ಆಂಗ್ಲರಿಗೆ ಸೌದೆ ಬೇಕಾಯಿತು. ಶೋಲಾ ಕಾಡುಗಳು ಕೊಡಲಿಗೆ ತುತ್ತಾದವು. ಆ ಕೊರತೆಯನ್ನು ತುಂಬಲೆಂದು ಬೇಗ ಬೆಳೆಯುವ ಪರದೇಶದ ಮರಗಳನ್ನು ತರಿಸಿದರು. ಯೂಕಲಿಪ್ಟಸ್ 1843ರಲ್ಲಿ ಇಲ್ಲಿಗೆ ಬಂದಿತು. ನಮ್ಮ ಬೆಟ್ಟದ ಹೆಸರನ್ನೇ ಹೊತ್ತು ಕನ್ನಡ ನಾಡಿನಲ್ಲೆಲ್ಲ ಅದು ‘ನೀಲಗಿರಿ’ ಆಗಿಬಿಟ್ಟಿದೆ. ಅತಿಥಿಗೆ ಮನೆಯ ಹೆಸರನ್ನೇ ಇಟ್ಟ ಹಾಗೆ! ಆದರೂ ಅದು ಬಹುಮಟ್ಟಿಗೆ ನೆಟ್ಟಲ್ಲಿ ನಿಲ್ಲುವ ಮರ. ವಾಟಲ್ ಹಾಗಲ್ಲ. ಅದರ ಬೀಜ ಮಣ್ಣಿನಲ್ಲಿ ದಶಕಗಳ ಕಾಲ ಮಲಗಿದ್ದು, ಮರವನ್ನು ಕಡಿದ ಮೇಲೆ ನೂರಾಗಿ ಏಳುತ್ತದೆ, ಹುಲ್ಲುಗಾವಲನ್ನು ನುಂಗುತ್ತದೆ. 1809ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದ ಲಂಟಾನ ಇಂದು ಮಸಿನಗುಡಿಯ ಕಾಡಿನಲ್ಲಿ ಹೆಣೆದುಕೊಂಡಿದೆ.

ಇವನ್ನೆಲ್ಲ ಮನುಷ್ಯನು ಬೇಕೆಂದೇ ತಂದನು. ಯಾರೂ ಬಯಸದೆ ಬರುವ ಪ್ರಯಾಣಿಕರ ಚರಿತ್ರೆ ಬೇರೆಯೇ ಇದೆ. ಸರಕಿಲ್ಲದ ಹಡಗು ಅಲೆಗಳ ಮೇಲೆ ಹೊರಳಾಡದಂತೆ ಹಿಂದೆ ಅದರ ತಳದಲ್ಲಿ ಕಲ್ಲು ಮಣ್ಣುಗಳನ್ನು ತುಂಬುತ್ತಿದ್ದರು. ಕಬ್ಬಿಣದ ಹಡಗುಗಳು ಬಂದ ಮೇಲೆ ಸಮುದ್ರದ ನೀರನ್ನೇ ತೊಟ್ಟಿಗಳಿಗೆ ತುಂಬುವುದು ರೂಢಿಯಾಯಿತು. ಇದನ್ನೇ ನಾವಿಕರು ಬ್ಯಾಲಸ್ಟ್ ಎನ್ನುವರು. ಒಂದು ಬಂದರಿನಲ್ಲಿ ತುಂಬಿದ ನೀರನ್ನು ಇನ್ನೊಂದರಲ್ಲಿ ಸರಕು ಹೇರುವಾಗ ಹೊರಚೆಲ್ಲುತ್ತಾರೆ. ಅದರೊಡನೆ ಮರಿ, ಮೊಟ್ಟೆ, ಪಾಚಿ, ರೋಗಾಣುಗಳೂ ಇಳಿಯುತ್ತವೆ. 1975ರಲ್ಲಿ ಉದ್ಘಾಟನೆಗೊಂಡ ನವಮಂಗಳೂರು ಬಂದರನ್ನೇ ನೆನೆಯೋಣ. ಕುದುರೆಮುಖದಿಂದ 67 ಕಿಲೋಮೀಟರ್ ಕೊಳವೆಯಲ್ಲಿ ಹರಿದುಬಂದ ಅದಿರು ಅಲ್ಲಿಂದ ಹೊರದೇಶಗಳಿಗೆ ಹೋಗುತ್ತಿತ್ತು. ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಅದಿರನ್ನು ಒಯ್ಯಲು ಬರಿದಾಗಿ ಬರುವ ಹಡಗು ಬರಿದಾಗಿ ಬರುವುದಿಲ್ಲವೆಂಬುದೇ ಇಲ್ಲಿಯ ವಿಷಯ.

1903ರಲ್ಲಿ ಏಷ್ಯದ ಒಂದು ಸೂಕ್ಷ್ಮ ಪಾಚಿ ಯೂರೋಪಿನ ಉತ್ತರ ಸಮುದ್ರದಲ್ಲಿ ಕಾಣಿಸಿಕೊಂಡಾಗ ಡೆನ್ಮಾರ್ಕಿನ ವಿಜ್ಞಾನಿ ಓಸ್ಟೆನ್‌ಫೆಲ್ಡ್ ಹಡಗುಗಳನ್ನು ಶಂಕಿಸಿದನು. ಜಗತ್ತು ಕಿವಿಗೊಡಲು ಬಹುಕಾಲ ಹಿಡಿಯಿತು. 1988ರಲ್ಲಿ ಉತ್ತರ ಅಮೆರಿಕದ ಮಹಾ ಸರೋವರಗಳ ಪ್ರದೇಶದಲ್ಲಿ ಪಟ್ಟೆಯ ಕಪ್ಪೆಚಿಪ್ಪು ಸಿಕ್ಕಿತು. ಅದು ನೀರಿನ ಕೊಳವೆಗಳನ್ನೇ ಮುಚ್ಚತೊಡಗಿದಾಗ ಸರಕಾರಗಳು ಎಚ್ಚೆತ್ತವು. ಅಂತರರಾಷ್ಟ್ರೀಯ ಪರೀಕ್ಷಾ ಯೋಜನೆಯೊಂದಕ್ಕೆ ಆರಿಸಿದ ಆರು ಬಂದರುಗಳಲ್ಲಿ ನಮ್ಮ ಮುಂಬಯಿಯೂ ಒಂದು. ಕೊನೆಗೆ 2004ರ ಫೆಬ್ರವರಿ 13ರಂದು ಲಂಡನ್ನಿನಲ್ಲಿ ಒಪ್ಪಂದವಾಗಿ, 2017ರ ಸೆಪ್ಟೆಂಬರ್ 8ರಂದು ಜಾರಿಗೆ ಬಂದಿತು.

ಮೊದಲ ಉಪಾಯ ಸರಳವಾದುದು: ದಡದಿಂದ ಇನ್ನೂರು ನಾವಿಕ ಮೈಲಿ ದೂರದ ಆಳಗಡಲಿನಲ್ಲಿ ನೀರನ್ನು ಬದಲಿಸುವುದು. ಕರಾವಳಿಯ ಜೀವಿ ನಡುಗಡಲಿನಲ್ಲಿ ಬಾಳದು, ನಡುಗಡಲಿನದು ಕರಾವಳಿಯಲ್ಲಿ ಬಾಳದು. ಆದರೆ ಬಿರುಗಾಳಿಯಲ್ಲಿ ತೊಟ್ಟಿ ಬರಿದುಮಾಡುವುದು ಹಡಗಿಗೇ ಅಪಾಯ. ಆದುದರಿಂದ ಈಗ ನೀರನ್ನು ಹಡಗಿನಲ್ಲಿಯೇ ಸೋಸಿ, ಅತಿನೇರಳೆ ಕಿರಣ ಹಾಯಿಸುತ್ತಾರೆ. ಇಲ್ಲವೆ ಉಪ್ಪುನೀರಿಗೆ ವಿದ್ಯುತ್ತನ್ನು ಹರಿಸಿ ಕ್ಲೋರೀನ್ ಹುಟ್ಟಿಸಿ, ಜೀವಿಗಳನ್ನು ಕೊಂದು, ಹೊರಬಿಡುವ ಮುನ್ನ ಉಳಿದ ಕ್ಲೋರೀನನ್ನು ಶಮನಗೊಳಿಸುತ್ತಾರೆ. ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟು ಅಥವಾ ಅದಕ್ಕಿಂತ ದೊಡ್ಡದಾದ ಜೀವಂತ ಪ್ರಾಣಿಗಳು ಸಾವಿರ ಲೀಟರ್ ನೀರಿನಲ್ಲಿ ಹತ್ತಕ್ಕಿಂತ ಕಡಮೆ ಇರಬೇಕೆಂಬುದು ನಿಯಮ. ಹಳೆಯ ಹಡಗುಗಳಿಗೆ 2024ರ ಸೆಪ್ಟೆಂಬರ್ 8ರವರೆಗೆ ಗಡುವು ಕೊಟ್ಟಿದ್ದರು. ಇಷ್ಟು ಕಟ್ಟುನಿಟ್ಟೇಕೆ ಎನ್ನುವವರು ನಮ್ಮ ವಾಟಲನ್ನು ನೋಡಬೇಕು: ಬೆಟ್ಟದ ಮೇಲಿನ ಮರವನ್ನು ಎಣಿಸಿಯಾದರೂ ಕಡಿಯಬಹುದು, ಕಡಲಲ್ಲಿ ಕರಗಿಹೋದ ಮರಿಯನ್ನು ಹುಡುಕುವವರಾರು?

1967ರಲ್ಲಿ ವಿಶಾಖಪಟ್ಟಣದ ಬಂದರಿನಲ್ಲಿ ಕೆರಿಬಿಯನ್ ಕಡೆಯ ಪುಟ್ಟ ಚಿಪ್ಪುಜೀವಿಯೊಂದು ಕಂಡಿತು. ಅನಂತರ ಮುಂಬಯಿಯಲ್ಲಿಯೂ ನೆಲೆಯೂರಿತು. ಇಂಥವು ತೊಟ್ಟಿಯ ನೀರಿನಲ್ಲಿ ಮಾತ್ರವಲ್ಲ, ಹಡಗಿನ ಹೊರಮೈಗೆ ಅಂಟಿಕೊಂಡೂ ಬರುತ್ತವೆ. ಹೊರಮೈಗೆ ಈ ಒಪ್ಪಂದ ಅನ್ವಯಿಸುವುದಿಲ್ಲ.