ತಪ್ಪೊಪ್ಪಿಕೊಂಡವರು ಕಟ್ಟಿದ ತರ್ಕ

1902ರ ಜೂನ್ ತಿಂಗಳಲ್ಲಿ ಜರ್ಮನಿಯ ಗಣಿತಜ್ಞ ಗಾಟ್ಲೋಬ್ ಫ್ರೇಗೆಯವರಿಗೆ ಒಂದು ಪತ್ರ ಬಂತು. ಬರೆದವರು ಇಂಗ್ಲೆಂಡಿನ ಮೂವತ್ತರ ಹರೆಯದ ಬರ್ಟ್ರಂಡ್ ರಸೆಲ್. ಅಂಕಗಣಿತವನ್ನು ತರ್ಕದ ತಳಹದಿಯ ಮೇಲೆ ನಿಲ್ಲಿಸಲು ಫ್ರೇಗೆ ವರ್ಷಗಟ್ಟಲೆ ದುಡಿದಿದ್ದರು. ಗ್ರಂಥದ ಎರಡನೇ ಸಂಪುಟ ಅಚ್ಚಿನಲ್ಲಿತ್ತು. ಆ ತಳಹದಿಯಲ್ಲೇ ವಿರೋಧಾಭಾಸವಿದೆ ಎಂದು ರಸೆಲ್ ತೋರಿಸಿದ್ದರು. ಫ್ರೇಗೆ ಅದನ್ನು ಮುಚ್ಚಿಡಲಿಲ್ಲ. 1903ರಲ್ಲಿ ಹೊರಬಂದ ಸಂಪುಟಕ್ಕೆ ಅನುಬಂಧ ಸೇರಿಸಿ ದೋಷವನ್ನು ಒಪ್ಪಿಕೊಂಡರು.

ಈ ದೋಷ ನಿವಾರಣೆಗಾಗಿ ರಸೆಲ್ 1908ರಲ್ಲಿ 'ಟೈಪ್' ಸಿದ್ಧಾಂತವನ್ನು ಪ್ರಕಟಿಸಿದರು. ಪ್ರತಿಯೊಂದಕ್ಕೂ ತನ್ನದೇ ದರ್ಜೆಯಿದೆ, ದರ್ಜೆ ಮೀರಿದ ಮಾತಿಗೆ ಅರ್ಥವಿಲ್ಲ ಎಂಬುದು ಅದರ ಸಾರ.

ಕಂಪ್ಯೂಟರ್ ಕಲಿಯುವ ವಿದ್ಯಾರ್ಥಿಗಳಿಗೆ ಟೈಪ್ ಎಂಬ ಪದ ಹೊಸದಲ್ಲ. ಇದು ಸಂಖ್ಯೆ, ಇದು ಅಕ್ಷರ, ಇದು ಅಂಕಗಳ ಪಟ್ಟಿ ಎಂದು ಪ್ರೋಗ್ರಾಂನಲ್ಲಿ ಮೊದಲೇ ಹೇಳುತ್ತೇವೆ. 'ಡಿಪೆಂಡೆಂಟ್ ಟೈಪ್' ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. 'ಎನ್ ಅಂಕಗಳಿರುವ ಪಟ್ಟಿ' ಎಂಬುದೇ ಅಲ್ಲಿ ಒಂದು ಟೈಪ್. ಎನ್ ಬದಲಾದರೆ ಟೈಪ್ ಕೂಡ ಬದಲಾಗುತ್ತದೆ. ಖಾಲಿ ಪಟ್ಟಿಯಿಂದ ಮೊದಲ ಅಂಕ ಕೇಳುವ ತಪ್ಪನ್ನು ಪ್ರೋಗ್ರಾಂ ಓಡುವ ಮುನ್ನವೇ ತಡೆಯಬಹುದು.

ಈ ವಿಚಾರಕ್ಕೆ ರೂಪ ಬಂದದ್ದು 1960ರ ದಶಕದ ಕೊನೆಗೆ. ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಡಿ ಬ್ರೌನ್ ಅವರು ಗಣಿತದ ಸಾಧನೆಗಳನ್ನು ಯಂತ್ರದಿಂದ ಪರೀಕ್ಷಿಸಲು 'ಆಟೋಮ್ಯಾತ್' ಭಾಷೆ ರಚಿಸಿದರು. 1969ರಲ್ಲಿ ಅಮೆರಿಕದ ವಿಲಿಯಂ ಹೊವಾರ್ಡ್, ಪ್ರಮೇಯವನ್ನು ಟೈಪ್ ಎಂದೂ ಅದರ ಸಾಧನೆಯನ್ನು ಪ್ರೋಗ್ರಾಂ ಎಂದೂ ಕಾಣಬಹುದೆಂದು ಬರೆದರು.

1971ರಲ್ಲಿ ಸ್ವೀಡನ್ನಿನ ಪೆರ್ ಮಾರ್ಟಿನ್-ಲೋಫ್ ಇವೆಲ್ಲವನ್ನೂ ಒಂದು ಸಿದ್ಧಾಂತವಾಗಿ ಹೆಣೆದರು. ಆದರೆ 'ಎಲ್ಲ ಟೈಪ್‌ಗಳ ಟೈಪ್' ಎಂಬ ಅವರ ನಿಯಮದಿಂದ ವಿರೋಧಾಭಾಸ ಹುಟ್ಟುವುದನ್ನು ಫ್ರಾನ್ಸಿನ ಯುವ ತರ್ಕಶಾಸ್ತ್ರಜ್ಞ ಜೀನ್-ಇವ್ ಗಿರಾರ್ ತೋರಿಸಿದರು. ತಪ್ಪು ತಡೆಯಲು ಹೊರಟ ಸಿದ್ಧಾಂತದಲ್ಲೇ ತಪ್ಪು! ಮಾರ್ಟಿನ್-ಲೋಫ್ ವಾದಕ್ಕಿಳಿಯದೆ ಆ ನಿಯಮ ಕೈಬಿಟ್ಟು ಸಿದ್ಧಾಂತವನ್ನು ತಿದ್ದಿದರು. ತಿದ್ದಿದ ಆ ಸಿದ್ಧಾಂತವೇ ಇಂದಿನ 'ಅಗ್ಡಾ', 'ಇದ್ರಿಸ್' ಭಾಷೆಗಳಿಗೆ ಆಧಾರ.

1984ರಲ್ಲಿ ಫ್ರಾನ್ಸಿನಲ್ಲಿ ಆರಂಭವಾದ 'ಕಾಕ್' ಕೂಡ ಡಿಪೆಂಡೆಂಟ್ ಟೈಪ್‌ಗಳನ್ನೇ ನೆಚ್ಚಿದ ಸಾಧನ. 2025ರಲ್ಲಿ ಅದರ ಹೆಸರು 'ರಾಕ್' ಎಂದಾಯಿತು. ಯಾವ ನಕಾಶೆಗೂ ನಾಲ್ಕು ಬಣ್ಣ ಸಾಕೆಂಬ ಪ್ರಮೇಯದ ಸಾಧನೆಯನ್ನು 2005ರಲ್ಲಿ ಜಾರ್ಜ್ ಗೊಂತಿಯೇ ಇದರಿಂದಲೇ ಪೂರ್ಣವಾಗಿ ಪರೀಕ್ಷಿಸಿದರು.

ಕಿರಿಯರು ತೋರಿಸಿದ ತಪ್ಪನ್ನು ಹಿರಿಯರು ಒಪ್ಪಿಕೊಳ್ಳದಿದ್ದರೆ ಈ ವಿದ್ಯೆ ಇಷ್ಟು ಬೆಳೆಯುತ್ತಿರಲಿಲ್ಲ. ಪ್ರಶ್ನೆ ಕೇಳಲು ಅಂಜುವ ವಿದ್ಯಾರ್ಥಿಗಳೂ, ಪ್ರಶ್ನೆಗೆ ಮುನಿಯುವ ನಾವು ಹಿರಿಯರೂ ಇದನ್ನು ನೆನಪಿಡಬೇಕು.